ಕೈಗೆ ಬಂದ ಎಲೆ ಬನ್ನಿಯದೋ, ಬಳ್ಳಾರಿ ಜಾಲಿಯದೋ?

ದಸರಾ ಹತ್ತಿರ ಬಂತೆಂದರೆ ವಾಟ್ಸಾಪ್‌ನಲ್ಲಿ ಬನ್ನಿ ಮರದ ಮಹಿಮೆ ಶುರುವಾಗುತ್ತದೆ. ‘ಬನ್ನಿ ರಾತ್ರಿಯೂ ಆಮ್ಲಜನಕ ಬಿಡುತ್ತದೆ’ ಎನ್ನುವುದು ಅದರಲ್ಲಿ ಒಂದು. ಇದು ಸುಳ್ಳು. ಮರ ಆಮ್ಲಜನಕ ಬಿಡಲು ಬೆಳಕು ಬೇಕೇ ಬೇಕು. ಕತ್ತಲಾದ ಮೇಲೆ ಬನ್ನಿ, ಅರಳಿ, ಬೇವು ಯಾವುದೇ ಇರಲಿ, ನಮ್ಮ ಹಾಗೆಯೇ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಬನ್ನಿಗೆ ಇಂಥ ಸುಳ್ಳಿನ ಹಂಗು ಬೇಕಿಲ್ಲ. ವಿಜಯದಶಮಿಯಂದು ಹೊಸಪೇಟೆಯ ಏಳು ಕೇರಿಗಳ ದೇವತೆಗಳ ಪಲ್ಲಕ್ಕಿಗಳು ನಾಗೇನಹಳ್ಳಿ ಬಳಿಯ ಧರ್ಮದಗುಡ್ಡಕ್ಕೆ ಹೊರಡುತ್ತವೆ. ಊರಿಗೆ ಊರೇ ಹಿಂದೆ ನಡೆಯುತ್ತದೆ. ಹಂಪಿ, ಸಂಡೂರು, ಕಂಪ್ಲಿ ಕಡೆಯ ಮನೆಗಳಲ್ಲೂ ಸಂಜೆಗೆ ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದ ಮೇಲೆ ವರ್ಷದಿಂದ ಮಾತು ಬಿಟ್ಟವರೂ ಮುಖ ತಿರುಗಿಸುವುದು ಕಷ್ಟ.

ಆದರೆ ಆ ಎಲೆ ಯಾವ ಮರದ್ದು? ಪುರಾಣದ ಶಮಿ ಎಂದರೆ ಸಸ್ಯಶಾಸ್ತ್ರದ ಪ್ರೊಸೋಪಿಸ್ ಸಿನರೇರಿಯಾ. ತೆಲುಗಿನಲ್ಲಿ ಜಮ್ಮಿ, ತೆಲಂಗಾಣದ ರಾಜ್ಯವೃಕ್ಷ. ರಾಜಸ್ಥಾನದಲ್ಲಿ ಖೇಜ್ಡಿ. ಅಲ್ಲಿಯ ಖೇಜಡ್ಲಿ ಹಳ್ಳಿಯಲ್ಲಿ 1730ರಲ್ಲಿ ಈ ಮರಗಳನ್ನು ಅಪ್ಪಿ ನಿಂತು 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು.

ನಮ್ಮ ರಸ್ತೆ ಬದಿ, ಕೆರೆ ಅಂಗಳ, ಕಾಲುವೆ ದಂಡೆಯಲ್ಲಿ ಹಬ್ಬಿರುವುದು ಇದರ ದಾಯಾದಿ, ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದೆ ನಿಜ, ಮೂಲ ಮಾತ್ರ ಅಮೆರಿಕ ಖಂಡ! 19ನೇ ಶತಮಾನದಲ್ಲಿ ಸೌದೆಗೆಂದು, ಬರಡು ನೆಲಕ್ಕೆಂದು ತಂದದ್ದು ಈಗ ಬೇರೆ ಗಿಡಕ್ಕೆ ಜಾಗವನ್ನೇ ಬಿಡುತ್ತಿಲ್ಲ. ಎಲೆ ನೋಡಿದರೆ ಎರಡೂ ಒಂದೇ ಥರ. ಹಾಗಾಗಿ ಮುಳ್ಳು ನೋಡಿ. ಜಾಲಿಯಲ್ಲಿ ಎಲೆ ಹುಟ್ಟುವ ಗೆಣ್ಣಿನಲ್ಲೇ ಉದ್ದನೆಯ ನೇರ ಮುಳ್ಳು, ಸಾಮಾನ್ಯವಾಗಿ ಜೋಡಿಯಾಗಿ ಇರುತ್ತದೆ. ಬನ್ನಿಯಲ್ಲಿ ಬುಡ ಅಗಲವಾದ ಗಿಡ್ಡ ಮುಳ್ಳುಗಳು ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ.

ಜಾಲಿ ಎಲೆ ಹಂಚಿದರೆ ದೋಷವೇ ಎಂದು ಕೇಳಿದರೆ ಅದು ನಮ್ಮ ವ್ಯಾಪ್ತಿಯದಲ್ಲ. ಮಹಾರಾಷ್ಟ್ರದಲ್ಲಿ ಹಂಚುವುದೇ ಆಪ್ಟಾ ಎಂಬ ಬೇರೆ ಮರದ ಎಲೆ. ನಮಗೆ ಚಿಂತೆ ಇರುವುದು ನಿಜವಾದ ಬನ್ನಿಯ ಬಗ್ಗೆ. ಬಲಿತ ಮರ ಸೊಪ್ಪು ಕಡಿದರೆ ಸಾಯುವುದಿಲ್ಲ, ರಾಜಸ್ಥಾನದಲ್ಲಿ ಮೇವಿಗಾಗಿ ಕಡಿಯುತ್ತಲೇ ಇರುತ್ತಾರೆ. ಎಳೆ ಗಿಡದ ಕಥೆ ಬೇರೆ. ನಿಧಾನವಾಗಿ ಬೆಳೆಯುವ ಗಿಡ ಇದು. ಪ್ರತಿ ದಸರೆಗೂ ಟೊಂಗೆ ಮುರಿದು ಬೋಳು ಮಾಡಿದರೆ ಮೇಲೇಳುವುದೇ ಇಲ್ಲ. ಹಂಚಲು ಒಂದು ಕಡ್ಡಿಯಲ್ಲಿರುವ ಎಲೆಯೇ ಇಡೀ ಮನೆಗೆ ಸಾಕು.

ಎಲೆ ಕೀಳುವಾಗ ಮುಳ್ಳು ಚುಚ್ಚಿದರೆ ಸೋಪು, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚೂರು ಒಳಗೇ ಉಳಿದು ಊತ ಬಂದರೆ, ಅಥವಾ ಟಿಟಿ ಚುಚ್ಚುಮದ್ದು ಹಾಕಿಸಿ ಬಹಳ ವರ್ಷವಾಗಿದ್ದರೆ, ವೈದ್ಯರಿಗೆ ತೋರಿಸಿ. ಕೇರಿಯವರೆಲ್ಲ ಸೇರಿ ಸಸಿ ಬೆಳೆಸುವ ಮನಸ್ಸಿದ್ದರೆ, ಬೇಸಿಗೆಯಲ್ಲಿ ಮಾಗಿದ ಕಾಯಿಯ ಬೀಜ ತೆಗೆದು ಒಂದು ದಿನ ನೀರಲ್ಲಿ ನೆನೆಸಿ ಬಿತ್ತಿ. ಎದ್ದ ಸಸಿಗೆ ಮೊದಲ ಕೆಲವು ವರ್ಷ ಆಡು ಬಾಯಿ ಹಾಕದಂತೆ ಬೇಲಿ ಬೇಕು. ಅದಕ್ಕೆ ಜಾಲಿ ಮುಳ್ಳೇ ಆಗುತ್ತದೆ.