ಕಂಪನಿಯ ಕಥೆ ಓದುವ ಬಗೆ: ಎಚ್‌ಎಂಟಿ ಮತ್ತು ಟೈಟಾನ್

ಎಚ್‌ಎಂಟಿ ವಾಚು ಏಕೆ ಮರೆಯಾಯಿತು, ಟೈಟಾನ್ ಏಕೆ ಬೆಳೆಯಿತು ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಕೀಲಿ ಕೊಡುವ ವಾಚಿನ ಕಾಲ ಮುಗಿದು ಸೆಲ್ ವಾಚಿನ ಕಾಲ ಬಂತು. ಇದರಲ್ಲಿ ಅರ್ಧ ಮಾತ್ರ ನಿಜ. ಟೈಟಾನ್ ಹುಟ್ಟುವ ಮೊದಲೇ, 1980ರ ದಶಕದ ಆರಂಭದಲ್ಲೇ, ಎಚ್‌ಎಂಟಿ ಕ್ವಾರ್ಟ್ಜ್ ವಾಚುಗಳನ್ನು, ಅಂದರೆ ಈ ಸೆಲ್ ವಾಚುಗಳನ್ನು, ಮಾರುಕಟ್ಟೆಗೆ ತಂದಿತ್ತು. ಹೊಸ ತಂತ್ರಜ್ಞಾನ ಮೊದಲು ಕೈಗೆ ಬಂದವರೇ ಹಿಂದೆ ಬಿದ್ದರೆಂದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಹೀಗೆ ಹುಡುಕುವ ಕೆಲಸವೇ ಪ್ರಕರಣ ಅಧ್ಯಯನ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬೆಳೆಸಿದ ಈ ಪಾಠಕ್ರಮ, 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂ ಮೂಲಕ ನಮ್ಮ ದೇಶದಲ್ಲಿ ನೆಲೆಯೂರಿತು. ಆದರೆ ಇದಕ್ಕೆ ಎಂಬಿಎ ಪದವಿಯೇನೂ ಬೇಕಿಲ್ಲ. ಐದು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವ ತಾಳ್ಮೆ ಇದ್ದರೆ ಅಂಗಡಿ ನಡೆಸುವವರೂ, ಬಿಕಾಂ ಓದುವವರೂ, ಷೇರು ಕೊಳ್ಳುವವರೂ ಇದನ್ನು ಮಾಡಬಹುದು.

1. ಗಿರಾಕಿ ನಿಜವಾಗಿ ಏನನ್ನು ಕೊಳ್ಳುತ್ತಿದ್ದಾನೆ?

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಆಗ ಗಿರಾಕಿಗೆ ಬೇಕಿದ್ದದ್ದು ಸರಿಯಾದ ಸಮಯ ತೋರಿಸುವ, ವರ್ಷಗಟ್ಟಲೆ ಬಾಳುವ ವಸ್ತು. ಒಂದು ಮನೆಗೆ ಒಂದು ವಾಚು ಬಂದರೆ ಅದೇ ದೊಡ್ಡದು. ಎಚ್‌ಎಂಟಿ ಈ ಅಗತ್ಯವನ್ನು ಪ್ರಾಮಾಣಿಕವಾಗಿ ಪೂರೈಸಿತು.

1980ರ ದಶಕದ ಹೊತ್ತಿಗೆ ನಗರದ ಮಧ್ಯಮ ವರ್ಗದ ಕೈಯಲ್ಲಿ ತುಸು ಹಣ ಓಡಾಡತೊಡಗಿತು. ಅವರಿಗೆ ವಾಚು ಚೆಂದವೂ ಕಾಣಬೇಕಿತ್ತು. ಕ್ಸರ್ಕ್ಸೆಸ್ ದೇಸಾಯಿ ಅವರ ನೇತೃತ್ವದ ಟೈಟಾನ್ ಇದನ್ನು ಗುರುತಿಸಿತು. ವಾಚನ್ನು ಉಡುಗೆಯ ಭಾಗವಾಗಿ, ಉಡುಗೊರೆಯಾಗಿ ಮಾರಿತು. ಹಾಗೆ ಕಂಡಾಗ ವಾಚು ಇದ್ದವರೂ ಇನ್ನೊಂದನ್ನು ಕೊಳ್ಳುತ್ತಾರೆ, ಮಾರುಕಟ್ಟೆಯೇ ದೊಡ್ಡದಾಗುತ್ತದೆ.

2. ಪೈಪೋಟಿ ಯಾರ ಜೊತೆ?

ಪೈಪೋಟಿ ಎಂದರೆ ಎದುರಿನ ಅಂಗಡಿ ಮಾತ್ರವಲ್ಲ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಐದು ಶಕ್ತಿಗಳನ್ನು ಹೆಸರಿಸಿದರು: ಈಗಿರುವ ಎದುರಾಳಿಗಳು, ಹೊಸದಾಗಿ ಬರುವವರು, ಬದಲಿ ವಸ್ತುಗಳು, ಕಚ್ಚಾಮಾಲು ಪೂರೈಸುವವರು, ಕೊಳ್ಳುವವರು. ಲಾಭವನ್ನು ಈ ಐವರೂ ತಮ್ಮ ಕಡೆಗೆ ಎಳೆಯುತ್ತಾರೆ.

ಇದನ್ನು ವಾಚಿಗೆ ಅನ್ವಯಿಸಿ ನೋಡಿ. ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಮನಸ್ಸು ಬಂದವರೆಲ್ಲ ಕಾರ್ಖಾನೆ ತೆರೆಯುವಂತಿರಲಿಲ್ಲ. ಆದ್ದರಿಂದ ಎಚ್‌ಎಂಟಿಗೆ ಹೊಸಬರ ಭಯ ಕಡಿಮೆಯಿತ್ತು. ಟಾಟಾ ಸಮೂಹ ಕೂಡ 1984ರಲ್ಲಿ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದ ಜೊತೆ ಸೇರಿಯೇ ಟೈಟಾನ್ ಕಟ್ಟಿತು. ಕಾರ್ಖಾನೆ ಹೊಸೂರಿನಲ್ಲಿ ಬಂತು. ಆದರೆ ಅಧಿಕೃತ ಲೆಕ್ಕದಲ್ಲಿ ಕಾಣದ ಎದುರಾಳಿ ಒಬ್ಬನಿದ್ದ: ಕಳ್ಳಸಾಗಣೆಯಲ್ಲಿ ಬರುತ್ತಿದ್ದ ವಿದೇಶಿ ವಾಚು. ಅದು ಅಷ್ಟು ಬಿಕರಿಯಾಗುತ್ತಿತ್ತೆಂದರೆ, ಅಂದವಾದ ವಾಚಿಗೆ ಹಣ ಕೊಡಲು ಜನ ಸಿದ್ಧರಿದ್ದರು ಎಂದೇ ಅರ್ಥ. ಮುಂದೆ ಮೊಬೈಲ್ ಫೋನ್ ಬದಲಿ ವಸ್ತುವಾಗಿ ಬಂತು. ಸಮಯ ನೋಡುವುದಕ್ಕಷ್ಟೇ ವಾಚು ಮಾರುತ್ತಿದ್ದವರಿಗೆ ಅದು ದೊಡ್ಡ ಪೆಟ್ಟಾಯಿತು.

3. ನಿರ್ಧಾರಗಳು ಒಂದಕ್ಕೊಂದು ಹೊಂದುತ್ತವೆಯೇ?

ವ್ಯವಹಾರ ತಂತ್ರ ಎಂದರೆ ಒಂದು ಜಾಣ ಉಪಾಯವಲ್ಲ. ಒಂದನ್ನೊಂದು ಬಲಪಡಿಸುವ ಹಲವು ನಿರ್ಧಾರಗಳ ಹೆಣಿಗೆ. ಟೈಟಾನ್ ಆರಿಸಿಕೊಂಡ ಕ್ವಾರ್ಟ್ಜ್ ವಾಚಿನಲ್ಲಿ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕೀಲಿ ವಾಚು ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಆದರೆ, ಇದು ತಿಂಗಳಿಗೆ ಅಷ್ಟೇ ತಪ್ಪಬಹುದು. ಚಲಿಸುವ ಭಾಗಗಳು ಕಡಿಮೆ, ಆದ್ದರಿಂದ ತೆಳುವಾಗಿ, ನಾನಾ ಆಕಾರದಲ್ಲಿ ಮಾಡಬಹುದು. ಬಗೆಬಗೆಯ ವಾಚು ಇದ್ದಾಗ ಅವನ್ನು ಚೆನ್ನಾಗಿ ಜೋಡಿಸಿ ತೋರಿಸುವ ಜಾಗ ಬೇಕು. ಟೈಟಾನ್ 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ತನ್ನ ಮೊದಲ ಷೋರೂಂ ತೆರೆಯಿತು. ಷೋರೂಮಿಗೆ ಜನ ಬರಬೇಕಾದರೆ ಜಾಹೀರಾತು ಬೇಕು. ಟೈಟಾನ್ ಜಾಹೀರಾತಿಗೆ ಬಳಸಿದ ಮೊಜಾರ್ಟ್‌ನ 25ನೇ ಸಿಂಫನಿಯ ರಾಗ ಟಿವಿಯ ಮೂಲಕ ಮನೆಮನೆಗೆ ಮುಟ್ಟಿತು. ತಂತ್ರಜ್ಞಾನ, ವಿನ್ಯಾಸ, ಮಳಿಗೆ, ಜಾಹೀರಾತು ಇವುಗಳಲ್ಲಿ ಯಾವುದನ್ನು ಕಿತ್ತರೂ ಉಳಿದವು ಸಡಿಲವಾಗುತ್ತವೆ.

4. ಎದುರಾಳಿ ಅದನ್ನೇ ಏಕೆ ಮಾಡಲಿಲ್ಲ?

ನನ್ನ ದೃಷ್ಟಿಯಲ್ಲಿ ಐದರಲ್ಲಿ ಇದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗದಿದ್ದರೆ ಉಳಿದದ್ದೆಲ್ಲ ಬರೀ ಹೊಗಳಿಕೆ.

ಎಚ್‌ಎಂಟಿಯ ಯಂತ್ರಗಳು, ಕೆಲಸಗಾರರ ಕೌಶಲ, ಬೆಂಗಳೂರು, ತುಮಕೂರು, ಶ್ರೀನಗರ, ರಾಣಿಬಾಗ್ ಕಾರ್ಖಾನೆಗಳ ಬಂಡವಾಳ ಹೆಚ್ಚಾಗಿ ಕೀಲಿ ವಾಚಿನ ಸುತ್ತಲೇ ಬೆಳೆದಿದ್ದವು. ಕೀಲಿ ವಾಚಿಗೆ ಬೇಡಿಕೆ ಇನ್ನೂ ಇತ್ತು. ಪೂರ್ಣವಾಗಿ ಕ್ವಾರ್ಟ್ಜ್‌ಗೆ ತಿರುಗಿದರೆ ತನ್ನ ಮಾಲಿಗೆ ತಾನೇ ಪೈಪೋಟಿ ಒಡ್ಡಿದಂತೆ. ಅದೂ ಅಲ್ಲದೆ ಅದು ಸರ್ಕಾರಿ ಉದ್ದಿಮೆ: ದೇಶಕ್ಕೆ ವಾಚು ಒದಗಿಸುವುದು, ಊರೂರಿಗೆ ಉದ್ಯೋಗ ಕೊಡುವುದು ಅದರ ಮೇಲಿನ ಹೊಣೆ. ಟೈಟಾನ್‌ಗೆ ಹಳೆಯ ಯಂತ್ರಗಳ ಭಾರವಿರಲಿಲ್ಲ. ಕಳೆದುಕೊಳ್ಳಲು ಹಳೆಯ ಮಾರುಕಟ್ಟೆಯೂ ಇರಲಿಲ್ಲ. ಎಚ್‌ಎಂಟಿಯ ಹಳೆಯ ಗೆಲುವೇ ಅದರ ಕೈ ಕಟ್ಟಿತು. ಕೆಲಸಗಾರರ ಸೋಮಾರಿತನ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಅದು ವಿಶ್ಲೇಷಣೆಯೂ ಅಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು.

5. ಗೆದ್ದವರು ಎಲ್ಲಿ ಎಡವಿದರು?

ಗೆದ್ದ ಕಂಪನಿ ಮಾಡಿದ್ದೆಲ್ಲ ಸರಿ ಎಂದುಕೊಳ್ಳುವುದು ಇಂಥ ಓದಿನ ದೊಡ್ಡ ಅಪಾಯ. 1990ರ ದಶಕದಲ್ಲಿ ಯುರೋಪಿನಲ್ಲಿ ವಾಚು ಮಾರಲು ಹೋದ ಟೈಟಾನ್ ನಷ್ಟ ಅನುಭವಿಸಿತು. ಅದೇ ದಶಕದಲ್ಲಿ ಅದು ಆರಂಭಿಸಿದ ಒಡವೆ ಬ್ರ್ಯಾಂಡ್ ತನಿಷ್ಕ್ ಮೊದಲಿಗೆ 18 ಕ್ಯಾರೆಟ್ ಒಡವೆಗಳನ್ನು ಮಾರಲು ಹೊರಟಿತು. ಭಾರತದ ಮನೆಗಳಲ್ಲಿ ಚಿನ್ನ ಅಲಂಕಾರವೂ ಹೌದು, ಕಷ್ಟಕಾಲದ ಉಳಿತಾಯವೂ ಹೌದು. ಜನ 22 ಕ್ಯಾರೆಟ್ ಕೇಳಿದರು; ಕಂಪನಿ ದಾರಿ ಬದಲಿಸಿತು. ಚಿನ್ನದ ಶುದ್ಧತೆಯನ್ನು ಗಿರಾಕಿಯ ಎದುರಿಗೇ ಅಳೆದು ತೋರಿಸುವ ಕ್ಯಾರೆಟ್‌ಮೀಟರ್ ಯಂತ್ರವನ್ನು ಮಳಿಗೆಗಳಲ್ಲಿ ಇಟ್ಟಿತು. ಕೊಂಡ ಚಿನ್ನದ ಬಗ್ಗೆ ಜನರಿಗಿದ್ದ ಅನುಮಾನವೇ ಅದರ ವ್ಯಾಪಾರದ ಬುನಾದಿಯಾಯಿತು. ಇಂದು ಟೈಟಾನ್ ಆದಾಯದ ಬಹುಪಾಲು ಬರುವುದು ಒಡವೆಯಿಂದ, ವಾಚಿನಿಂದಲ್ಲ. ಇಲ್ಲಿಯೂ ಮೊದಲ ಪ್ರಶ್ನೆಯೇ ಕೆಲಸ ಮಾಡಿತು: ಗಿರಾಕಿ ಕೊಳ್ಳುತ್ತಿದ್ದದ್ದು ವಿನ್ಯಾಸಕ್ಕಿಂತ ಮೊದಲು ನಂಬಿಕೆಯನ್ನು.

ಶುರು ಮಾಡುವುದು ಹೇಗೆ?

ನಿಮಗೆ ಪರಿಚಯವಿರುವ ಉದ್ಯಮವನ್ನೇ ಆರಿಸಿಕೊಳ್ಳಿ. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿ ಅವುಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಅಧ್ಯಕ್ಷರ ಭಾಷಣಕ್ಕಿಂತ ಮೊದಲು ವಿಭಾಗವಾರು ಆದಾಯ, ಲಾಭದ ಪಟ್ಟಿ ನೋಡಿ. ಹಣ ಎಲ್ಲಿಂದ ಬರುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಒಂದು ವರ್ಷದ ವರದಿ ಸಾಲದು, ಹತ್ತು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಎದುರಾಳಿಯ ವರದಿಯನ್ನೂ ಓದಿ. ಕೊನೆಗೆ, ಫಲಿತಾಂಶ ಗೊತ್ತಿಲ್ಲದವರಂತೆ ಆ ಕಾಲಕ್ಕೆ ಹೋಗಿ ನಿಂತು, ಅವರ ಮುಂದೆ ಇದ್ದ ಮಾಹಿತಿಯಷ್ಟೇ ನಿಮಗಿದ್ದರೆ ನೀವು ಯಾವ ನಿರ್ಧಾರ ಮಾಡುತ್ತಿದ್ದಿರಿ ಎಂದು ಬರೆದಿಡಿ.

ನೀವೇ ವ್ಯಾಪಾರ ನಡೆಸುವವರಾದರೆ ನಾಲ್ಕನೆಯ ಪ್ರಶ್ನೆಯನ್ನು ನಿಮ್ಮತ್ತ ತಿರುಗಿಸಿಕೊಳ್ಳಿ. ನಾವು ಮಾಡುವುದನ್ನು ಪಕ್ಕದವರು ನಾಳೆಯೇ ಮಾಡಬಲ್ಲರೇ? ಹೌದು ಎಂದಾದರೆ ನಿಮ್ಮ ಬಳಿ ಒಳ್ಳೆಯ ವ್ಯಾಪಾರವಿರಬಹುದು, ತಂತ್ರ ಇನ್ನೂ ಇಲ್ಲ. ಅದನ್ನು ಕಟ್ಟಲು ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ತೊಡಗಿ.