ಹೆಸರಿಲ್ಲದ ಡಬ್ಬಿಗಳ ಅಡುಗೆಮನೆ

ಬೇರೆಯವರ ಮನೆಯಲ್ಲಿ ಎಂದಾದರೂ ಅಡುಗೆ ಮಾಡಿದ್ದೀರಾ? ಬಾಣಂತನಕ್ಕೆಂದೋ, ಮದುವೆಮನೆಯ ನೆರವಿಗೆಂದೋ ಹೋದಾಗ ಈ ಪ್ರಸಂಗ ಬರುವುದುಂಟು. ಗೂಡಿನ ತುಂಬ ಒಂದೇ ಬಗೆಯ ಸ್ಟೀಲ್ ಡಬ್ಬಿಗಳು. ಒಂದರ ಮೇಲೂ ಚೀಟಿಯಿಲ್ಲ. ಸಾಸಿವೆಗಾಗಿ ಏಳು ಡಬ್ಬಿ ತೆರೆದು ಮುಚ್ಚುವಷ್ಟರಲ್ಲಿ ಒಲೆಯ ಮೇಲಿನ ಎಣ್ಣೆ ಹೊಗೆಯಾಡತೊಡಗಿರುತ್ತದೆ. ಇನ್ನು ಮುಚ್ಚಳ ತೆಗೆಯಲೂ ಆಗದಂತಿದ್ದರೆ ನಿಮ್ಮ ಗತಿ ಏನು?

ಕಣ್ಣು ಕಾಣದವರಿಗೆ ಇಂದಿನ ಎಷ್ಟೋ ವೆಬ್‌ಸೈಟುಗಳು ಇಂಥದೇ ಅಡುಗೆಮನೆ.

“ಅಯ್ಯೋ, ಕಣ್ಣು ಕಾಣದವರು ವೆಬ್‌ಸೈಟ್ ನೋಡುವುದಾದರೂ ಹೇಗೆ?” ಅಂತೀರಾ? ಅವರು ಅದನ್ನು ಕೇಳುತ್ತಾರೆ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶವಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಇದರ ಹೆಸರು ‘ಟಾಕ್‌ಬ್ಯಾಕ್’, ಐಫೋನಿನಲ್ಲಿ ‘ವಾಯ್ಸ್ ಓವರ್’. ಕಂಪ್ಯೂಟರಿಗಾದರೆ ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಉಚಿತವಾಗಿ ಸಿಗುತ್ತದೆ. ಇದು ಕನ್ನಡವನ್ನೂ ಓದುತ್ತದೆ.

ನನ್ನ ಬಾಲ್ಯದ ಗೆಳತಿಯೊಬ್ಬಳು ಸಂಗೀತದ ಟೀಚರ್. ನಲವತ್ತರ ಹರೆಯದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಳು. ಆದರೂ ಫೋನಿನ ಬಳಕೆಯಲ್ಲಿ ನನಗಿಂತ ಚುರುಕು. ಮಗಳ ಸೀಮಂತಕ್ಕೆ ತಾನೇ ಸೀರೆ ಆರಿಸಬೇಕೆಂದು ಒಂದು ವೆಬ್‌ಸೈಟ್ ತೆರೆದಳಂತೆ. ಫೋನು ಹೇಳಿದ್ದಿಷ್ಟೇ: “ಇಮೇಜ್, ಇಮೇಜ್, ಬಟನ್, ಬಟನ್.” ಸೀರೆಯ ಬಣ್ಣ ಯಾವುದು, ಬೆಲೆ ಎಷ್ಟು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಒಂದೂ ತಿಳಿಯಲಿಲ್ಲ. ಕಡೆಗೆ ಪಕ್ಕದ ಮನೆಯ ಹುಡುಗನನ್ನು ಕರೆದು ಕಾರ್ಡಿನ ನಂಬರು, ಓಟಿಪಿ ಎಲ್ಲವನ್ನೂ ಅವನ ಕೈಗೆ ಕೊಟ್ಟಳು.

“ಹುಡುಗ ಒಳ್ಳೆಯವನೇ ಕಣೇ. ಆದರೆ ನಮ್ಮ ಯಜಮಾನರಿಗೂ ಹೇಳದ ನಂಬರನ್ನು ಅವನಿಗೆ ಹೇಳಬೇಕಾಯಿತಲ್ಲ!” ಎಂದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳಲ್ಲಿ ಹಣವಿತ್ತು, ಫೋನಿತ್ತು, ಜಾಣತನವಿತ್ತು. ಗುಂಡಿಗೊಂದು ಹೆಸರಿಲ್ಲದ ಒಂದೇ ಕಾರಣಕ್ಕೆ ಅವಳ ಗುಟ್ಟು ಹೊರಗೆ ಹೋಯಿತು.

ಇದು ನಮಗೇಕೆ?

ಇಂದು ಮನೆಯಲ್ಲೇ ಚಟ್ನಿಪುಡಿ, ಹಪ್ಪಳ, ಕುಸುರಿಯ ರವಿಕೆ ತಯಾರಿಸಿ ವೆಬ್‌ಸೈಟಿನ ಮೂಲಕ ಮಾರುವ ಸೋದರಿಯರು ಎಷ್ಟೊಂದು ಮಂದಿ! ನಿಮ್ಮಲ್ಲೂ ಕೆಲವರಿರಬಹುದು. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ. ಇವರೂ ಗಿರಾಕಿಗಳೇ ಅಲ್ಲವೇ? ವೆಬ್‌ಸೈಟನ್ನು ತಮ್ಮನೋ, ಅಳಿಯನೋ, ಸಂಬಳದ ಹುಡುಗನೋ ಮಾಡಿಕೊಟ್ಟಿರಲಿ, ಅವರಿಗೆ ಈ ಕೆಳಗಿನ ಮಾತುಗಳನ್ನು ಹೇಳಿ ಮಾಡಿಸಿಕೊಳ್ಳಬಹುದು.

ಮಾಡಿಸಬೇಕಾದ್ದೇನು?

ಚಿತ್ರಕ್ಕೆ ಮಾತು: ಪ್ರತಿ ಚಿತ್ರದ ಹಿಂದೆ ‘ಆಲ್ಟ್ ಟೆಕ್ಸ್ಟ್’ ಎಂಬ ವಿವರಣೆ ಬರೆಯಲು ಜಾಗವಿರುತ್ತದೆ. ಅದು ಪರದೆಯಲ್ಲಿ ಕಾಣದು, ಸ್ಕ್ರೀನ್ ರೀಡರಿಗೆ ಸಿಗುತ್ತದೆ. ಅಲ್ಲಿ ಬರೀ ‘ಸೀರೆ’ ಎಂದರೆ ಸಾಲದು. ‘ಹಸಿರು ಒಡಲು, ಕೆಂಪು ಅಂಚಿನ ಇಳಕಲ್ ಸೀರೆ’ ಎಂದು ಬರೆಯಿರಿ. ಕೇವಲ ಅಲಂಕಾರದ ಹೂಬಳ್ಳಿಯಾದರೆ ವಿವರಣೆ ಖಾಲಿ ಇರಲಿ. ಓದುವ ಯಂತ್ರ ಅದನ್ನು ದಾಟಿ ಮುಂದೆ ಹೋಗುತ್ತದೆ.

ಅಕ್ಷರ ಅಕ್ಷರವಾಗಿಯೇ ಇರಲಿ: ಬೆಲೆಪಟ್ಟಿಯನ್ನು ಚಂದದ ಚಿತ್ರವಾಗಿ ಮಾಡಿ ಹಾಕಿದರೆ ಯಂತ್ರ ಅದನ್ನು ಸರಿಯಾಗಿ ಓದುತ್ತದೆಂಬ ಭರವಸೆಯಿಲ್ಲ. ಹಳೆಯ ಕೆಲವು ಕನ್ನಡ ಫಾಂಟುಗಳದು ಇನ್ನೊಂದು ತೊಡಕು. ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಓದಿಸಿದರೆ ತಲೆಬುಡ ತಿಳಿಯದು. ಆದ್ದರಿಂದ ಯೂನಿಕೋಡ್ ಕನ್ನಡದಲ್ಲೇ ಬರೆಸಿ. ಪುಟದ ಭಾಷೆ ಕನ್ನಡವೆಂಬ ಗುರುತನ್ನೂ ಪುಟದೊಳಗೆ ಹಾಕಿಸಿ.

ಗುಂಡಿಗೂ ಖಾನೆಗೂ ಹೆಸರು: ‘ಬುಟ್ಟಿಗೆ ಹಾಕಿ’, ‘ಹಣ ಪಾವತಿಸಿ’, ‘ಮೊಬೈಲ್ ನಂಬರ್’ ಎಂದು ಪ್ರತಿಯೊಂದಕ್ಕೂ ಲೇಬಲ್ ಇರಬೇಕು. ತಪ್ಪು ತುಂಬಿದಾಗ ಖಾನೆ ಕೆಂಪಾದರೆ ಸಾಲದು. ‘ಪಿನ್‌ಕೋಡಿನಲ್ಲಿ 6 ಅಂಕಿ ಇರಬೇಕು’ ಎಂದು ಮಾತಿನಲ್ಲಿ ಹೇಳಬೇಕು. ಕೆಂಪು ಹಸಿರು ಬೇರೆಯಾಗಿ ಕಾಣದವರಿಗೂ ಇದರಿಂದ ಉಪಕಾರ.

ಮೌಸ್ ಇಲ್ಲದೆ ನಡೆಯಲಿ: ಕೈನಡುಕವಿರುವವರು, ಕಣ್ಣು ಕಾಣದವರು ಕೀಬೋರ್ಡಿನ ‘ಟ್ಯಾಬ್’ ಮತ್ತು ‘ಎಂಟರ್’ ಕೀಲಿಗಳಿಂದ ಮುಂದೆ ಸಾಗುತ್ತಾರೆ. ಎಲ್ಲ ಕೆಲಸವೂ ಅವುಗಳಿಂದ ಆಗಬೇಕು, ಈಗ ಎಲ್ಲಿದ್ದೇವೆಂಬ ಗುರುತೂ ಕಾಣಬೇಕು.

ಬಣ್ಣ ಎದ್ದು ಕಾಣಲಿ: ತಿಳಿಗುಲಾಬಿಯ ಮೇಲೆ ಬೂದುಬಣ್ಣದ ಅಕ್ಷರ ನೋಡಲು ನಾಜೂಕು, ಓದಲು ಕಷ್ಟ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಯ ಅಳತೆ. ಕಣ್ಣು ಮಂಜಾದ ನಿಮ್ಮ ಅತ್ತೆಯವರಿಗೂ ಇದು ವರವೇ!

ವಿಡಿಯೋಗೆ ಅಡಿಬರಹ: ಹೋಳಿಗೆ ತಟ್ಟುವುದನ್ನು ತೋರಿಸುತ್ತಾ ನೀವು ಹೇಳುವ ಅಳತೆ ಕಿವಿ ಕೇಳಿಸದವರಿಗೆ ಮುಟ್ಟಬೇಡವೇ? ಮಾತನ್ನು ಕೆಳಗೆ ಅಕ್ಷರದಲ್ಲಿ ಕೊಡಿ.

ಈ ಮಾರ್ಗಸೂಚಿಯ ಹೆಸರು ‘ಡಬ್ಲ್ಯೂಸಿಎಜಿ’. ಮೊದಲು ಬಂದದ್ದು 1999ರಲ್ಲಿ, 2.2ನೇ ಆವೃತ್ತಿ 2023ರಲ್ಲಿ ಹೊರಬಂತು. ವೆಬ್‌ಸೈಟ್ ಮಾಡುವವರಿಗೆ ಈ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಹುಡುಕಿಕೊಳ್ಳಬಲ್ಲರು.

ಕಾನೂನೂ ಇದೆ

ಇದನ್ನು ದಾನಧರ್ಮವೆಂದು ತಿಳಿಯಬೇಡಿ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕೆವೈಸಿಗಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುವುದನ್ನು ನೀವು ಕಂಡಿರಬಹುದು. ಆಸಿಡ್ ದಾಳಿಯಲ್ಲಿ ಕಣ್ಣುರೆಪ್ಪೆಯನ್ನೇ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ದಾಳಿಗೆ ತುತ್ತಾದವರೂ ಅಂಧರೊಬ್ಬರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ತೀರ್ಪಿತ್ತಿತು.

ನೀವೇ ಪರೀಕ್ಷಿಸಿ

ಇಂದೇ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣುಮುಚ್ಚಿ, ನಿಮ್ಮದೇ ವೆಬ್‌ಸೈಟಿನಿಂದ ಒಂದು ಸಾಮಾನು ಕೊಳ್ಳಲು ನೋಡಿ. ಒಂದು ಎಚ್ಚರಿಕೆ: ಒಮ್ಮೆ ಮುಟ್ಟಿದರೆ ಅದು ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಆರಿಸುವುದು ಹೇಗೆಂದು ಮೊದಲೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಪೇಚಾಟ! ಅನಂತರ ದೃಷ್ಟಿಯಿಲ್ಲದ ಒಬ್ಬರಿಂದಲೂ ಪರೀಕ್ಷೆ ಮಾಡಿಸಿ, ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಡಿ.

ಎಲ್ಲವೂ ಒಂದೇ ದಿನದಲ್ಲಿ ಆಗಬೇಕಿಲ್ಲ. ಮೊದಲು ಹಣ ಪಾವತಿಸುವ ಗುಂಡಿಗೆ ಹೆಸರು ಕೊಡಿಸಿ. ನನ್ನ ಗೆಳತಿಯಂಥವಳೊಬ್ಬಳು ಮುಂದಿನ ಹಬ್ಬಕ್ಕೆ ನಿಮ್ಮ ಚಟ್ನಿಪುಡಿಯನ್ನು ತಾನೇ ಆರಿಸಿ, ತಾನೇ ದುಡ್ಡು ಕಟ್ಟಿ ತರಿಸಿಕೊಳ್ಳಲಿ. ಅವಳ ಗುಟ್ಟಿನ ನಂಬರು ಅವಳಲ್ಲೇ ಉಳಿಯಲಿ.