ಚೀನೀ ಕಡುಬು, ನಾಚಿಕುಪ್ಪಂನ ನಟ

ಹೊಸೂರಿನ ಪೇಟೆಯಲ್ಲಿ ಸಂಜೆಯಾಯಿತೆಂದರೆ ಕಾರ್ಖಾನೆ ಬಿಟ್ಟು ಬಂದ ಹುಡುಗರು ಹಬೆಯಾಡುವ ಪಾತ್ರೆಗಳ ಸುತ್ತ ನೆರೆಯುತ್ತಾರೆ. ಒಳಗಿರುವುದು ಮೊಮೊ. ಟಿಬೆಟ್-ನೇಪಾಳದ ಕಡೆಯಿಂದ ಇಳಿದುಬಂದ ಈ ತಿಂಡಿಗೆ ಚೀನದ ಬಾವ್‌ಜಿ ಹತ್ತಿರದ ನೆಂಟ. ಹುಳಿ ಬರಿಸಿದ ಗೋಧಿಹಿಟ್ಟನ್ನು ತಟ್ಟಿ, ನಡುವೆ ಹಂದಿಮಾಂಸವನ್ನೋ ಎಲೆಕೋಸನ್ನೋ ಸಿಹಿಗಾಳಿನ ಹೂರಣವನ್ನೋ ಇಟ್ಟು, ಅಂಚನ್ನು ನೆರಿಗೆ ಹಿಡಿದು ಮುಚ್ಚಿ, ಬಿದಿರಿನ ಬುಟ್ಟಿಯಲ್ಲಿ ಬೇಯಿಸುತ್ತಾರೆ. ಹಬೆಯಲ್ಲಿ ಬೇಯುವ ಬನ್ನೇ ಎಂದು ಹುಬ್ಬೇರಿಸುವವರು ನಮ್ಮ ಅರಸಿನೆಲೆಯ ಕಡುಬನ್ನು ನೆನೆದರೆ ಸಾಕು. ನಮ್ಮ ನೆರೆಯ ಮಲಯಾಳಿ ಮನೆಗಳಲ್ಲಿ ಅದರ ತಂಗಿ ಇಲಯಡ, ಹೊಸೂರಿನ ತಮಿಳರಲ್ಲಿ ಕೊಳುಕ್ಕಟ್ಟೈ.

ಚೀನೀಯರಲ್ಲೊಂದು ಹಳೆಯ ಕಥೆಯುಂಟು. ಮೂರನೆಯ ಶತಮಾನದ ಮಂತ್ರಿ ಝೂಗ ಲಿಯಾಂಗ್ ದಂಡಯಾತ್ರೆಯಿಂದ ಮರಳುವಾಗ ಹೊಳೆ ದಾಟಲು ನರಬಲಿ ಬೇಕೆಂದರಂತೆ. ಆತ ಹಿಟ್ಟಿನ ತಲೆಗಳಿಗೆ ಮಾಂಸ ತುಂಬಿಸಿ ಹೊಳೆಗೆ ಅರ್ಪಿಸಿದನಂತೆ. ಅದೇ ಮಾಂತೊ. ಕಥೆ ಹೇಗೂ ಇರಲಿ, ಹೆಸರಿನ ಗತಿ ನೋಡಿ: ಉತ್ತರ ಚೀನದಲ್ಲಿ ಇಂದು ಮಾಂತೊ ಎಂದರೆ ಹೂರಣವಿಲ್ಲದ ಬೋಳು ಬನ್ನು, ಕೊರಿಯದ ಮಂಡುವಿನಲ್ಲಿ, ತುರ್ಕಿಯ ಮಂತಿಯಲ್ಲಿ ಹೂರಣ ಇನ್ನೂ ಇದೆ. ಗಡಿ ದಾಟಿದ್ದು ಉಳಿಸಿಕೊಂಡಿತು, ತವರಿನದು ಕಳೆದುಕೊಂಡಿತು. ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಕೃಷ್ಣಗಿರಿ ಜಿಲ್ಲೆಯ ವೇಪ್ಪನಪಳ್ಳಿಯ ಬಳಿ ನಾಚಿಕುಪ್ಪಂ ಎಂಬ ಹಳ್ಳಿಯಿದೆ. ನಟ ರಜನಿಕಾಂತರ ಹಿರಿಯರ ಊರು ಅದು. ತಂದೆ ರಾಮೋಜಿರಾವ್ ಗಾಯಕವಾಡ್ ಪೊಲೀಸ್ ಪೇದೆ, ಮನೆಮಾತು ಮರಾಠಿ. ಮಗ ಶಿವಾಜಿರಾವ್ ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನಲ್ಲಿ. ಅಕ್ಷರ ಕಲಿತದ್ದು ಗವಿಪುರದ ಸರಕಾರಿ ಕನ್ನಡ ಶಾಲೆಯಲ್ಲಿ. ಹೊಟ್ಟೆಪಾಡಿಗೆ ಸಿಟಿ ಬಸ್ಸಿನ ಕಂಡಕ್ಟರಿಕೆ, ಆಮೇಲೆ ಮದರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್. 1975ರಲ್ಲಿ ಕೆ. ಬಾಲಚಂದರ್ ಅವರ 'ಅಪೂರ್ವ ರಾಗಂಗಳ್', ಮರುವರ್ಷ ಪುಟ್ಟಣ್ಣ ಕಣಗಾಲರ 'ಕಥಾಸಂಗಮ'. ತಮಿಳನ್ನು ಬೆಳೆದ ಮೇಲೆ ಕಲಿತ ಈತ ತಮಿಳರ ಮನೆಮಗನಾದರು. ಹಿಟ್ಟು ಯಾವುದು, ಹೂರಣ ಯಾವುದು?

ಹಾಂಗ್‌ಕಾಂಗಿನ ಜಾಕಿ ಚಾನ್ ಅವರದೂ ಇಂಥದೇ ಕಥೆ. ಪಿತೃಮೂಲ ದೂರದ ಅನ್‌ಹುಯಿ ಪ್ರಾಂತ, ನಿಜವಾದ ಮನೆತನದ ಹೆಸರು ಫಾಂಗ್, ತಂದೆ ಫ್ರೆಂಚ್ ರಾಯಭಾರ ಕಚೇರಿಯವರ ಮನೆಯಲ್ಲಿ ಅಡಿಗೆಯವರು. ಹುಡುಗನನ್ನು ಎಳವೆಯಲ್ಲೇ ಪೀಕಿಂಗ್ ಸಂಗೀತ ನಾಟಕದ ಗುರುಗಳ ಕೈಗೆ ಒಪ್ಪಿಸಿದರು. ನಮ್ಮ ರಾಜಕುಮಾರರು ಗುಬ್ಬಿ ಕಂಪೆನಿಯ ಅನ್ನ ಉಂಡಂತೆ. ರಾಜಕುಮಾರರು ಹುಟ್ಟಿದ ಗಾಜನೂರೂ ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ! ವೀರಪ್ಪನ್ 2000ದ ಜುಲೈ 30ರಂದು ಅವರನ್ನು ಎತ್ತಿಕೊಂಡು ಹೋದದ್ದು ಅಲ್ಲಿಯ ಮನೆಯಿಂದಲೇ.

ನಟನ ಊರು ಯಾವುದೆಂಬ ಪ್ರಶ್ನೆ ಸುಭಿಕ್ಷದ ದಿನಗಳಲ್ಲಿ ಹರಟೆ. ನೀರಿನ ಜಗಳ ಬಂದಾಗ ಅದೇ ಪಂಚಾಯಿತಿ ಕಟ್ಟೆಯ ವಿಚಾರಣೆ. 2008ರ ಏಪ್ರಿಲಿನಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಪರವಾಗಿ ಚೆನ್ನೈಯಲ್ಲಿ ಚಿತ್ರರಂಗದವರು ಉಪವಾಸ ಕೂತರು. ಅಲ್ಲಿ ರಜನಿಕಾಂತರ ಮಾತು ಬಿರುಸಾಯಿತು. ಕರ್ನಾಟಕದಲ್ಲಿ ಸಿಟ್ಟೆದ್ದಿತು. ಆಗಸ್ಟಿನಲ್ಲಿ 'ಕುಸೇಲನ್' ಬಿಡುಗಡೆಯ ಹೊತ್ತಿಗೆ ಅವರು ವಿಷಾದ ವ್ಯಕ್ತಪಡಿಸಿದರು. ಆಗ ಚೆನ್ನೈಯವರಿಗೆ ಮುನಿಸು. ಎರಡೂ ಕಡೆಯವರು ಒಂದು ಸಂಗತಿಯನ್ನು ಮರೆತಂತಿತ್ತು. ಆ ನೀರು ಹೋಗಬೇಕಾದದ್ದು ಧರ್ಮಪುರಿ-ಕೃಷ್ಣಗಿರಿಗೆ, ಫ್ಲೋರೈಡ್ ಬೆರೆತ ಬಾವಿನೀರು ಕುಡಿದು ಹಲ್ಲು-ಮೂಳೆ ಕೆಡಿಸಿಕೊಂಡವರಿಗೆ. ಅವರಲ್ಲಿ ಕನ್ನಡ ಆಡುವ ಮನೆಗಳೂ ಇವೆ. ಆ ಮನೆಯವರನ್ನು ಕೇಳಿದವರು ಯಾರು? 2013ರಲ್ಲಿ ನೀರು ಹರಿಯಿತು.

ನಮ್ಮ ತರಗತಿಯಲ್ಲಿ ಹುಡುಗರು ಆಗಾಗ ಕೇಳುವುದುಂಟು: "ಮಾಷ್ಟ್ರೇ, ರಜನಿಕಾಂತ್ ನಮ್ಮವರೋ ಅವರವರೋ?" ಗವಿಪುರದ ಶಾಲೆಯ ಕತೆ ಹೇಳುತ್ತೇವೆ. ಆ ಹಿರಿಯರು ನಾಚಿಕುಪ್ಪಂ ಬಿಡದೇ ಇದ್ದಿದ್ದರೆ ಮಗುವಿಗೆ ಯಾವ ಅಕ್ಷರ ಸಿಗುತ್ತಿತ್ತೋ. ಹೊಸೂರು ಸೀಮೆಯಲ್ಲಿ ಕನ್ನಡ, ತೆಲುಗು ಶಾಲೆಗಳು ಇವೆ, ನಿಜ. ಆದರೆ 2006ರ ಕಾಯ್ದೆ ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಿತು. ಅದು ಹತ್ತನೆಯ ತರಗತಿ ಮುಟ್ಟಿದಾಗ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ವಿನಾಯಿತಿ ಬೇಡಬೇಕಾಯಿತು. ಕಾಸರಗೋಡಿನ ತಾಯಿತಂದೆಯರಿಗೆ ಈ ಮೆಟ್ಟಿಲುಗಳು ಹೊಸವಲ್ಲ.